ಹದಿನೇಳನೆಯ ಗುಂಡು

ಪಿಸ್ತೂಲುಗಳನ್ನು ನೆಲಕ್ಕೆ ಬೀಳಿಸುವುದು ನನ್ನ ಉದ್ಯೋಗವಾಗಿತ್ತು. ಬಿದ್ದಾಗ ಅವು ತಾವಾಗಿಯೇ ಸಿಡಿಯುತ್ತವೆಯೋ ನೋಡುವುದು, ಸಿಡಿಯದಿದ್ದರೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಆರುನೂರು ಗುಂಡು ಹಾರಿಸುವುದು, ಎಲ್ಲೆಲ್ಲಿ ಸಿಕ್ಕಿಕೊಂಡಿತು ಎಂದು ಬರೆಯುವುದು, ಕೆಳಗೆ ಸಹಿ ಹಾಕುವುದು. ಲಾಸ್ ಏಂಜಲೀಸಿನ ಗೋದಾಮುಗಳ ಸಾಲಿನಲ್ಲಿ ಕಿಟಕಿಯೇ ಇಲ್ಲದ ಒಂದು ಕಟ್ಟಡದಲ್ಲಿ 2001ರಿಂದ 2008ರವರೆಗೆ ಇದನ್ನೇ ಮಾಡಿದೆ. ಅದಕ್ಕೆ ಮುಂಚೆ ಅದೇ ಲ್ಯಾಬಿನಲ್ಲಿ ಪೈಪು, ಬೋಲ್ಟು, ಲಿಫ್ಟಿನ ಸರಪಳಿಗಳನ್ನು ಎಳೆದು ಮುರಿಯುತ್ತಿದ್ದೆ. ಆ ಕೆಲಸದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಸರಪಳಿ ಮುರಿದರೆ ಯಾರೂ ಅಳುವುದಿಲ್ಲ.

ಈಚೆಗೆ ಟೆಸ್ಟಿಂಗ್ ಕೆಲಸಕ್ಕೆ ಸೇರುವ ನಮ್ಮವರ ಮಕ್ಕಳು ಫೋನ್ ಮಾಡಿ "ಅಂಕಲ್, ಈಸ್ ಇಟ್ ಬೋರಿಂಗ್?" ಎಂದು ಕೇಳುತ್ತಾರೆ. ಹೌದು, ಬೋರೇ. ಅದೇ ಅದರ ಒಳ್ಳೆಯ ಗುಣ. ನಿಮ್ಮ ಕೆಲಸದ ದಿನ ಬೋರಾಗದೆ ಎದೆ ಹೊಡೆದುಕೊಳ್ಳಲು ಶುರುವಾದರೆ ನೀವು ಏನೋ ತಪ್ಪು ಮಾಡಿದ್ದೀರಿ ಎಂದು ಅರ್ಥ. ನನಗೆ ಅಂಥ ದಿನಗಳು ಎರಡು ಬಂದವು. ಮೊದಲನೆಯದರಲ್ಲಿ ಬಾಯಿ ಬಿಟ್ಟೆ, ಎರಡನೆಯದರಲ್ಲಿ ಬಿಡಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಆಗ ತಾನೇ ಹೊಸ ಕಾನೂನು ಜಾರಿಗೆ ಬಂದಿತ್ತು. ರಾಜ್ಯದ ಪಟ್ಟಿಯಲ್ಲಿ ಹೆಸರಿಲ್ಲದ ಪಿಸ್ತೂಲನ್ನು ಅಂಗಡಿಯಲ್ಲಿ ಮಾರುವಂತಿಲ್ಲ, ಪಟ್ಟಿಗೆ ಸೇರಬೇಕಾದರೆ ನಮ್ಮಂಥ ಲ್ಯಾಬಿನಲ್ಲಿ ಪಾಸಾಗಬೇಕು. ಒಂದು ಮಾದರಿಯ ಮೂರು ಪಿಸ್ತೂಲು ಬರುತ್ತಿದ್ದವು. ಒಂದು ಮೀಟರಿಗಿಂತ ಒಂದು ಸೆಂಟಿಮೀಟರ್ ಹೆಚ್ಚು ಎತ್ತರದಿಂದ ಕಾಂಕ್ರೀಟಿನ ಮೇಲೆ ಆರು ಭಂಗಿಯಲ್ಲಿ ಬೀಳಿಸಬೇಕು. ಹಾರಿಸುವಾಗ ಮೊದಲ ಇಪ್ಪತ್ತು ಗುಂಡುಗಳಲ್ಲಿ ಒಂದು ತಡೆಯೂ ಬರಬಾರದು. ಇಪ್ಪತ್ತರೊಳಗೆ ಒಂದೇ ಒಂದು ಸಲ ಸಿಕ್ಕಿಕೊಂಡರೂ ಫೇಲು. ಬೇರೆ ಮಾತಿಲ್ಲ. ಯಂತ್ರಕ್ಕೆ ಕಟ್ಟಿ ಹಾರಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಮನುಷ್ಯನ ಕೈಯೇ ಆಗಬೇಕು.

ನಾನು ಹುಬ್ಬಳ್ಳಿಯವನು. ನನ್ನ ಹೆಂಡತಿ ಸುಮಂಗಲಾ ಪಾಲಕ್ ಸೊಪ್ಪಿನಲ್ಲಿ ಹುಳ ಕಂಡರೆ ಅದನ್ನು ಕಾಗದದ ಮೇಲೆ ಎತ್ತಿ ಹಿತ್ತಲಿಗೆ ಬಿಟ್ಟು ಬರುವವಳು. ನಾವಿದ್ದ ಸೆರಿಟೋಸಿನಲ್ಲಿ ಗೆಳೆಯರ ಮನೆಗಳಲ್ಲಿ ಊಟಕ್ಕೆ ಸೇರಿದಾಗ ಯಾರಾದರೂ ಕೆಲಸ ಕೇಳಿದರೆ "ಮೆಟೀರಿಯಲ್ ಟೆಸ್ಟಿಂಗ್" ಎಂದು ಹೇಳಿ ಉಪ್ಪಿನಕಾಯಿ ಕಡೆಗೆ ಕೈ ಚಾಚುತ್ತಿದ್ದೆ. ಒಮ್ಮೆ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಹಿಂದಿನವರು "ಏನೋ ಸುಟ್ಟ ವಾಸನೆ ಬರ್ತಿದ್ಯಲ್ಲ" ಎಂದರು. ಮದ್ದಿನ ವಾಸನೆ, ನನ್ನ ಸ್ವೆಟರಿನದು. ಅಡುಗೆಮನೆಯ ಕಡೆ ಮುಖ ತಿರುಗಿಸಿ ನಾನೂ ಮೂಗರಳಿಸಿದೆ.

ನಮ್ಮ ಮೇಲಧಿಕಾರಿ ವಾಲ್ಟರ್. ಬಸನಗೌಡ ಎಂಬ ನನ್ನ ಹೆಸರು ಬಾಯಿಗೆ ಹೊರಳದೆ "ಬಾಸ್" ಎಂದು ಕರೆಯುತ್ತಿದ್ದ, ಬೈಯುವಾಗಲೂ "ಬಾಸ್" ಎಂದೇ ಬೈಯುತ್ತಿದ್ದ. ಮೇಜಿನ ಮೇಲೆ ಚೂಪು ಮಾಡಿದ ಆರು ಪೆನ್ಸಿಲು, ಒಂದರ ಪಕ್ಕ ಒಂದು. ಮಾತು ಕಡಿಮೆ. ಅವನ ಮುಂದೆ ನಿಂತರೆ ನನಗೆ ನಮ್ಮ ಹೈಸ್ಕೂಲಿನ ಹೆಡ್ ಮಾಸ್ತರರ ಮುಂದೆ ನಿಂತಷ್ಟೇ ಭಯವಾಗುತ್ತಿತ್ತು.

ಮೊದಲ ತಪ್ಪು ಶುರುವಿನಲ್ಲೇ ಆಯಿತು. ಬೀಳಿಸುವ ಎತ್ತರವನ್ನು ಪಿಸ್ತೂಲಿನ ಅತ್ಯಂತ ಕೆಳಗಿನ ತುದಿಯಿಂದ ಅಳೆಯಬೇಕು. ನಾನು ಹಿಡಿಕೆಯ ಮಧ್ಯದಿಂದ ಅಳೆದಿದ್ದೆ, ಅದೂ ಎರಡು ವಾರ. ಅಂದರೆ ಎರಡು ವಾರದ ಎಲ್ಲಾ ಪಿಸ್ತೂಲುಗಳೂ ಕಡಿಮೆ ಎತ್ತರದಿಂದ ಬಿದ್ದು ಪಾಸಾಗಿದ್ದವು. ಗೊತ್ತಾದ ಕೂಡಲೇ ಬೆವರು ಒರೆಸಿಕೊಂಡು ವಾಲ್ಟರನ ಬಾಗಿಲು ತಟ್ಟಿದೆ. ಅವನು ಪೂರ್ತಿ ಕೇಳಿ, "ಎಲ್ಲಾನೂ ವಾಪಸ್ ತರಿಸಿ ಮತ್ತೆ ಬೀಳಿಸು" ಎಂದ. ನಾನು ಹೊರಡುವಾಗ ತಲೆಯೆತ್ತದೆಯೇ, "ಬಾಸ್, ಅಳತೆ ತಪ್ಪಿದ್ರೆ ಸರಿಮಾಡ್ಬಹುದು. ಒಳ್ಳೇದು ಮಾಡಿದೆ, ಬಂದು ಹೇಳ್ದೆ" ಎಂದ. ಆ ದಿನ ಮನೆಗೆ ಹೋಗುವಾಗ ಫ್ರೀವೇ ಮೇಲೆ ಹಾಡಿಕೊಂಡು ಹೋದೆ. ನಾನು ಪ್ರಾಮಾಣಿಕ ಎಂದು ನನಗೇ ಸರ್ಟಿಫಿಕೇಟ್ ಕೊಟ್ಟುಕೊಂಡೆ. ಈಗ ಯೋಚಿಸಿದರೆ ಅದು ಅಳೆಯುವ ಟೇಪಿನ ತಪ್ಪು, ಒಪ್ಪಿಕೊಳ್ಳುವುದಕ್ಕೆ ಅಷ್ಟೇನೂ ಧೈರ್ಯ ಬೇಕಿರಲಿಲ್ಲ.

ಇನ್ನು "ಟೆನ್" ಬಗ್ಗೆ ಹೇಳಬೇಕು. ಜನ ಸಾಮಾನ್ಯವಾಗಿ ಕೊಳ್ಳುವುದು ಒಂಬತ್ತು ಮಿಲಿಮೀಟರಿನ ಪಿಸ್ತೂಲು. ಅದಕ್ಕಿಂತ ಅಗಲವಾದ, ಮದ್ದು ಹೆಚ್ಚು ಹಿಡಿಯುವ, ಹತ್ತು ಮಿಲಿಮೀಟರಿನ ಒಂದು ತೋಟಾ, ಅಂದರೆ ಮದ್ದು ತುಂಬಿದ ಗುಂಡು, ಇದೆ. ಅದರ ಅಭಿಮಾನಿಗಳು ಅದನ್ನೂ ಅದನ್ನು ಹಾರಿಸುವ ಪಿಸ್ತೂಲನ್ನೂ ಬರೀ "ಟೆನ್" ಎನ್ನುತ್ತಾರೆ. ಕೈಗೆ ಒದೆಯುವುದು ಜಾಸ್ತಿ. ಪೊಲೀಸರು ಕೆಲವು ಕಾಲ ಅದನ್ನು ಬಳಸಿ, ಒದೆತ ತಾಳಲಾರದೆ ಕೈಬಿಟ್ಟರು ಎಂದು ಹೇಳುತ್ತಿದ್ದರು. ಅದನ್ನೇ ಮೋಟು ಮಾಡಿ ಒದೆತ ಕಡಿಮೆ ಮಾಡಿದ ತಮ್ಮನಂಥ ಇನ್ನೊಂದು ತೋಟಾ ಬಂದು ಅಂಗಡಿಗಳನ್ನೆಲ್ಲ ಹಿಡಿದ ಮೇಲೆ ದೊಡ್ಡ ಕಂಪನಿಗಳು ಟೆನ್ನಿನ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿದವು. ರಾಜ್ಯದ ಪಟ್ಟಿಯಲ್ಲಿ ಪುಟಗಟ್ಟಲೆ ಬೇರೆಯವು, ಟೆನ್ ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು. ನಿಂತುಹೋದ ಸ್ಕೂಟರಿನ ಬಿಡಿಭಾಗಕ್ಕೆ ಊರೂರು ಅಲೆಯುವವರನ್ನು ನೀವು ನೋಡಿದ್ದರೆ ಟೆನ್ ಅಭಿಮಾನಿಗಳನ್ನೂ ನೋಡಿದ ಹಾಗೆಯೇ.

ಅಂಥವರು ಆರು ಜನ ಒಂದು ಬೆಳಿಗ್ಗೆ ಸ್ಯಾನ್ ಡಿಯೇಗೋದಿಂದ ವ್ಯಾನು ಮಾಡಿಕೊಂಡು ನಮ್ಮ ಲ್ಯಾಬಿಗೇ ಬಂದರು. ಅವರ ಮುಂದಾಳು ಡೀನ್, ರಿಟೈರಾದ ಪೋಸ್ಟ್‌ಮ್ಯಾನ್. ಮೂವತ್ತು ವರ್ಷ ಬಿಸಿಲಲ್ಲಿ ನಡೆದು ಕುತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿ ಸಹಿಗಳಿದ್ದ ಒಂದು ಮನವಿ ಪತ್ರ.

"ಇನ್ನೂ ಹೆಚ್ಚು ಟೆನ್ ಬೇಕು. ಹೊಸ ಮಾದರಿಗಳು ಬೇಕು. ನಮ್ಮ ಜೀವಮಾನದಲ್ಲಿ ಬೇಕು" ಎಂದ ಡೀನ್.

ವಾಲ್ಟರ್ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು, "ಸಾರ್, ನಾವು ಪಿಸ್ತೂಲು ಮಾಡೋದಿಲ್ಲ. ಯಾರಾದ್ರೂ ತಂದ್ರೆ ಬೀಳಿಸ್ತೀವಿ, ಅಷ್ಟೇ" ಎಂದ.

"ತರ್ತಾನೆ. ಒಬ್ಬ ಇದ್ದಾನೆ. ನಮ್ಮೂರ ಪಕ್ಕ, ಎಲ್ ಕಹೋನ್‌ನಲ್ಲಿ. ದೊಡ್ಡ ಕಂಪನಿಗಳು ಮಾಡಲ್ಲ ಅಂದಿದ್ದನ್ನ ಅವನು ಗ್ಯಾರೇಜಿನಲ್ಲಿ ಮಾಡ್ತಿದ್ದಾನೆ. ನೀವು ಸರಿಯಾಗಿ ನೋಡಿ, ಅಷ್ಟು ಸಾಕು."

ನನಗೆ ಒಳಗೊಳಗೇ ನಗು. ಮುದುಕರು ಆಟದ ಸಾಮಾನಿಗೆ ಹಟ ಹಿಡಿದಂತೆ ಕಂಡಿತು. ಕಾಫಿ ಕೊಡುತ್ತಾ ಡೀನನನ್ನು ಕೇಳಿದೆ: "ಇರೋದ್ರಲ್ಲಿ ಒಂದು ತಗೊಂಡ್ರೆ ಆಗಲ್ವೇ? ಯಾಕೆ ಇದೇ ಬೇಕು?"

ಅವನು ಬೇಸರಪಡಲಿಲ್ಲ. "ಚೆನ್ನಾಗಿ ಮಾಡಿದ ಒಂದು ವಸ್ತುನ, ಹಿಡಿಯೋಕೆ ಕಷ್ಟ ಅಂತ ಎಲ್ರೂ ಬಿಟ್ಟುಬಿಟ್ರು. ವಸ್ತುವಿನ ತಪ್ಪೇನು?" ಎಂದ. ಆಮೇಲೆ ಕಪ್ಪನ್ನು ತಾನೇ ತೊಳೆದಿಟ್ಟು ಹೋದ.

ಮುಂದಿನ ವರ್ಷ ಹೆಕ್ಟರ್ ಬಂದ. ಡೀನ್ ಹೇಳಿದ್ದವನು. ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಲೇತ್ ಮೇಲೆ ಕೆಲಸ ಮಾಡಿ, ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಗ್ಯಾರೇಜಿನಲ್ಲೇ ಪರವಾನಗಿ ಪಡೆದು ಶುರುಮಾಡಿದ್ದ. ಗಿಡ್ಡ ಮನುಷ್ಯ, ಮೌನಿ. ಮೂರು ಪಿಸ್ತೂಲುಗಳನ್ನು ಹೆಂಡತಿ ಹೊಲಿದ ಮೂರು ಬಟ್ಟೆಯ ಚೀಲಗಳಲ್ಲಿ ತಂದಿದ್ದ. ನಾನು ಲೋಹಶಾಸ್ತ್ರ ಓದಿದವನು, ಒಳ್ಳೆಯ ಕೈಕೆಲಸ ಕಂಡರೆ ಗೊತ್ತಾಗುತ್ತದೆ. ಅಂಚುಗಳನ್ನು ಉಗುರಿನಿಂದ ಸವರಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಮೂರರ ಬಿಡಿಭಾಗಗಳನ್ನೂ ಬಿಚ್ಚಿ ಕಲೆಸಿ ಮತ್ತೆ ಜೋಡಿಸಿದರೆ ಮೂರೂ ಹಾಗೇ ಕೂರುತ್ತಿದ್ದವು. ದೊಡ್ಡ ಕಂಪನಿಗಳವೂ ಹಾಗೆ ಕೂರುವುದು ನಾನು ಕಂಡಿರಲಿಲ್ಲ.

ಅವನು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು. "ಇದು ಪಾಸಾಗದಿದ್ರೆ ನನಗೆ ಬೇರೆ ಏನೂ ಮಾಡೋಕೆ ಬರಲ್ಲ. ದೋಷ ಇದ್ರೆ ದಯವಿಟ್ಟು ಮುಚ್ಚಿಡಬೇಡಿ. ಎಲ್ಲಿ ಅಂತ ಸರಿಯಾಗಿ ಬರೀರಿ. ನೀವು ಬರೆದ ಹಾಗೆ ತಿದ್ದುತೀನಿ."

"ಖಂಡಿತ" ಎಂದು ಅವನ ಕೈ ಕುಲುಕಿದೆ. ಕುಲುಕುವಾಗ ನನ್ನ ಹೆಬ್ಬೆರಳು ಜುಮ್ಮೆಂದಿತು.

ಆ ಜುಮ್ಮು ಹೊಸದಲ್ಲ, ಆಗಲೇ ಐದಾರು ತಿಂಗಳಿನದು. ಸಾವಿರಾರು ಗುಂಡು ಹಾರಿಸಿದ ಬಲಗೈ ಬೆಳಿಗ್ಗೆ ಎದ್ದಾಗ ನನ್ನದಲ್ಲವೆಂಬಂತೆ ಇರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ರೊಟ್ಟಿಯ ಹಿಟ್ಟು ನಾದುವುದು ನಮ್ಮ ಮನೆಯಲ್ಲಿ ಭಾನುವಾರದ ನನ್ನ ಕೆಲಸ. ಬಿಸಿನೀರು ಸುರಿದ ಜೋಳದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ನಾದಬೇಕು, ಇಲ್ಲದಿದ್ದರೆ ಬಡಿಯುವಾಗ ಬಿರಿಯುತ್ತದೆ. ಒಂದು ಭಾನುವಾರ ಸುಮಂಗಲಾ ಬಡಿದ ರೊಟ್ಟಿಗಳೆಲ್ಲ ಅಂಚಿನಲ್ಲಿ ಬಿರಿದವು. ಅವಳು ಹಿಟ್ಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಕೈಗೇನಾಗೇತ್ರಿ ನಿಮಗ? ಮೊನ್ನೆ ಬಾಟ್ಲಿ ಮುಚ್ಚಳಾ ತಗ್ಯಾಕೂ ಬರಲಿಲ್ಲ. ಹಿಟ್ಟು ನೋಡ್ರಿ, ಒಂದೀಟು ಮಿದ್ದೇ ಇಲ್ಲ."

"ಹಿಟ್ಟ ಹಳೇದಾಗೇತಿ" ಎಂದೆ.

"ಹಿಟ್ಟ ಮೊನ್ನೆ ತಂದದ್ದು. ಸುಳ್ಳ ಹೇಳಬ್ಯಾಡ್ರಿ, ಡಾಕ್ಟರ್ ಕಡೆ ನಡೀರಿ."

ಪಕ್ಕದ ಆರ್ಟೀಸಿಯಾದಲ್ಲಿ ಮೈಸೂರಿನ ನಸೀರ್ ಅಹಮದ್ ಎಂಬ ಡಾಕ್ಟರು ನಮಗೆ ಪರಿಚಯ. ಅವರು ಮಣಿಕಟ್ಟನ್ನು ಮಡಿಸಿ, ಬೆರಳಿಂದ ತಟ್ಟಿ, ಸೂಜಿಯ ತುದಿ ಮುಟ್ಟಿಸಿ ನೋಡಿದರು. "ಗೌಡ್ರೇ, ನರ ಒತ್ಕೊಂಡಿದೆ. ಇಷ್ಟು ದಿನ ಏನ್ ಮಾಡ್ತಿದ್ರಿ? ಆಪರೇಷನ್ ಆಗ್ಬೇಕು. ಅಲ್ಲೀವರ್ಗೂ ಗಟ್ಟಿಯಾಗಿ ಹಿಡಿಯೋ ಕೆಲಸ ಯಾವ್ದೂ ಬೇಡ. ಆಫೀಸ್ನಲ್ಲಿ ಹೇಳಿ, ಬೇರೆ ಕೆಲಸ ಕೊಡ್ತಾರೆ" ಎಂದರು.

ಆಫೀಸಿನಲ್ಲಿ ಬೇರೆ ಕೆಲಸ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದಿನ ತಿಂಗಳಷ್ಟೇ ವಾಲ್ಟರ್, ಭುಜ ನೋವೆಂದ ಒಬ್ಬ ಶೂಟರನನ್ನು ಕೆಲಸದಿಂದ ತೆಗೆದು, ಪೆಟ್ಟಿಗೆ ಕಟ್ಟಿಸಿ ಕಳಿಸಿದ್ದ. ನನಗೆ ಐವತ್ತೆಂಟು. ಮಗಳು ಕಾಲೇಜಿನಲ್ಲಿ, ಸುಮಂಗಲಾಳ ಥೈರಾಯಿಡ್ ಚಿಕಿತ್ಸೆ ನಡೆಯುತ್ತಿದ್ದುದು ನನ್ನ ಕೆಲಸದ ಇನ್ಶೂರೆನ್ಸಿನಲ್ಲಿ. ಇವೆಲ್ಲ ನಿಜ. ಆದರೆ ಇವಿಷ್ಟೇ ಕಾರಣ ಎಂದರೆ ಮತ್ತೊಂದು ಸುಳ್ಳು ಹೇಳಿದಂತಾಗುತ್ತದೆ. ನನ್ನ ಕೈ ಹೋಯಿತು ಎಂದು ಇನ್ನೊಬ್ಬ ಗಂಡಸಿನ ಮುಂದೆ ಬಾಯಿ ಬಿಟ್ಟು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಹೆಕ್ಟರನ ಪಿಸ್ತೂಲಿನ ದಿನ ನಮ್ಮ ಇನ್ನೊಬ್ಬ ಶೂಟರ್ ಕೋರ್ಟಿನ ಜ್ಯೂರಿ ಕೆಲಸಕ್ಕೆ ಹೋಗಿದ್ದ. ಎರಡು ದಿನ ಕಾಯಬಹುದಿತ್ತು. ಕಾಯೋಣ ಎಂದರೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಕಿವಿಗೆ ಸದ್ದು ತಡೆಯುವ ಮಫ್ಸ್ ಹಾಕಿಕೊಂಡು ನಾನೇ ಗುಂಡು ಹಾರಿಸುವ ಕೋಣೆಗೆ ಹೋದೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗ ರಭಸದಿಂದ ಹಿಂದಕ್ಕೆ ಸರಿದು, ಹಿತ್ತಾಳೆಯ ಖಾಲಿ ಕವಚವನ್ನು ಹೊರಗೆಸೆದು, ಒಳಗಿನ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರಬೇಕು. ಅದು ಪೂರ್ತಿ ಸರಿಯಬೇಕಾದರೆ ಹಿಡಿದ ಕೈ ಗೋಡೆಯಂತೆ ನಿಂತಿರಬೇಕು. ಮಣಿಕಟ್ಟು ಸಡಿಲವಾದರೆ ಇಡೀ ಪಿಸ್ತೂಲೇ ಕೈಯ ಜೊತೆ ಹಿಂದಕ್ಕೆ ಹೋಗುತ್ತದೆ, ಮೇಲ್ಭಾಗ ಅರ್ಧಕ್ಕೇ ನಿಲ್ಲುತ್ತದೆ, ಕವಚ ಹೊರಬೀಳಬೇಕಾದ ಮೇಲಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸಬರ ಕೈಯಲ್ಲಿ ಇದು ದಿನಕ್ಕೆ ಹತ್ತು ಸಲ ಆಗುತ್ತದೆ. ಅದಕ್ಕೆ ನಮ್ಮ ಪುಸ್ತಕದಲ್ಲಿ ನಿಯಮವೇ ಇತ್ತು: ತಪ್ಪು ಶೂಟರನದಾದರೆ ಹಾಗೆಂದು ಬರೆಯಿರಿ, ಇನ್ನೊಬ್ಬ ಶೂಟರನಿಂದ ಮೊದಲಿನಿಂದ ಶುರುಮಾಡಿಸಿ.

ಹತ್ತು ಗುಂಡು ಚೆನ್ನಾಗಿ ಹೋದವು. ಒದೆತ ಜೋರಿತ್ತು, ಆದರೆ ನೇರ, ಶುದ್ಧ ಒದೆತ. ಹನ್ನೆರಡರ ಹೊತ್ತಿಗೆ ಹೆಬ್ಬೆರಳಿಗೆ ಸ್ಪರ್ಶ ಇರಲಿಲ್ಲ. ಹದಿನೈದಕ್ಕೆ ಅಂಗೈ ಬೆವರಿತು. ಹದಿನೇಳನೆಯ ಗುಂಡು ಹಾರಿದಾಗ ಮಣಿಕಟ್ಟು ಬಾಗಿಲ ತಿರುಗಣಿಯಂತೆ ಹಿಂದಕ್ಕೆ ಮಡಚಿಕೊಂಡಿತು. ನೋಡಿದರೆ ಕವಚ ಪಿಸ್ತೂಲಿನ ಮೇಲಿನ ಬಾಯಲ್ಲಿ ನೆಟ್ಟಗೆ ನಿಂತಿತ್ತು.

ಒಳಗೆ ನಾನೊಬ್ಬನೇ. ಗಾಜಿನಾಚೆ ವಾಲ್ಟರ್ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ. ನನಗೆ ಅದೇ ಕ್ಷಣ ಗೊತ್ತಾಯಿತು. ಅನುಮಾನ ಎಂದರೆ ಅನುಮಾನ, ಗೊತ್ತು ಎಂದರೆ ಗೊತ್ತು. ನನಗೆ ಗೊತ್ತಿತ್ತು. ಬಾಗಿಲು ತೆಗೆದು ನಾಲ್ಕು ಹೆಜ್ಜೆ ನಡೆದು "ಇದು ನನ್ನ ಕೈ" ಎಂದಿದ್ದರೆ ಮುಗಿಯುತ್ತಿತ್ತು. ನಾನು ಫಾರ್ಮಿನಲ್ಲಿ "ಹದಿನೇಳನೆಯ ಗುಂಡು: ಕವಚ ಹೊರಬರಲಿಲ್ಲ. ಕಾರಣ: ಪಿಸ್ತೂಲು" ಎಂದು ಬರೆದೆ. ಹೆಬ್ಬೆರಳು ಜೋಮು ಹಿಡಿದಿದ್ದರಿಂದ ಅಕ್ಷರ ಸೊಟ್ಟಗಾದವು.

ವಾಲ್ಟರ್ ಓದಿ, "ಟೆನ್ ಅಲ್ವಾ, ಆಶ್ಚರ್ಯ ಇಲ್ಲ" ಎಂದು ಸಹಿ ಮಾಡಿದ.

ಫೇಲಾದ ಮಾದರಿಯನ್ನು ಹಾಗೆಯೇ ಮತ್ತೆ ತರುವಂತಿಲ್ಲ, ಏನಾದರೂ ತಿದ್ದಿಯೇ ತರಬೇಕು ಎಂಬುದು ನಮ್ಮ ಲ್ಯಾಬಿನ ನಿಯಮ. ಹೆಕ್ಟರ್ ವರದಿ ತೆಗೆದುಕೊಂಡು ಹೋಗಲು ತಾನೇ ಬಂದ. ಕೌಂಟರಿನ ಮೇಲೆ ಇಟ್ಟು ಎರಡು ಸಲ ಓದಿದ.

"ಕವಚ ಪೂರ್ತಿ ನಿಂತಿತ್ತಾ, ಅಡ್ಡ ಬಿದ್ದಿತ್ತಾ?" ಎಂದು ಕೇಳಿದ.

"ನಿಂತಿತ್ತು."

"ಹಾಗಾದ್ರೆ ಮೇಲ್ಭಾಗ ಸಾಕಷ್ಟು ಹಿಂದೆ ಬಂದಿಲ್ಲ. ನನ್ನ ಸ್ಪ್ರಿಂಗ್ ಗಟ್ಟಿ ಆಗಿದೆ." ತನ್ನಷ್ಟಕ್ಕೆ ತಲೆಯಾಡಿಸಿದ. "ಮನೇಲಿ ಐನೂರು ಹಾರಿಸಿದ್ದೆ, ಒಂದು ಸಲವೂ ಆಗಿರಲಿಲ್ಲ. ನನ್ನ ಕೈಗೆ ಅಭ್ಯಾಸ ಆಗಿಹೋಗಿರ್ಬೇಕು. ನಿಮ್ಮಂಥವ್ರು ನೋಡಿದ್ರೇನೇ ಗೊತ್ತಾಗೋದು. ಥ್ಯಾಂಕ್ಯೂ."

ಆಗಲೂ ಹೇಳಬಹುದಿತ್ತು. ನಾನು "ಪರವಾಗಿಲ್ಲ" ಎಂದೆ. ಆ ಮಾತು ನೆನಪಾದಾಗ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಅವನು ಸ್ಪ್ರಿಂಗನ್ನು ಸಡಿಲ ಮಾಡಿದ. ಇಲ್ಲದ ದೋಷಕ್ಕೆ ಔಷಧ ಮಾಡಿದ. ಟೆನ್ನಿನ ಬಲಕ್ಕೆ ಆ ಗಟ್ಟಿ ಸ್ಪ್ರಿಂಗು ಬೇಕೇ ಬೇಕಿತ್ತು, ಅವನ ಮೊದಲ ಲೆಕ್ಕಾಚಾರವೇ ಸರಿಯಾಗಿತ್ತು. ಸಡಿಲ ಸ್ಪ್ರಿಂಗಿನಿಂದ ಮೇಲ್ಭಾಗ ಪ್ರತಿ ಗುಂಡಿಗೂ ಪಿಸ್ತೂಲಿನ ಮೈಯಾದ ಫ್ರೇಮಿಗೆ ಸುತ್ತಿಗೆಯಂತೆ ಬಡಿಯತೊಡಗಿತು. ಮರುವರ್ಷ ತಂದ ಮೂರೂ ಪಿಸ್ತೂಲುಗಳನ್ನು ಇನ್ನೊಬ್ಬ ಶೂಟರ್ ಹಾರಿಸಿದ. ಮೊದಲ ಇಪ್ಪತ್ತರಲ್ಲಿ ಯಾವ ತಡೆಯೂ ಇಲ್ಲ. ನಾನು ಗಾಜಿನ ಈಚೆ ನಿಂತು ಮನಸ್ಸಿನಲ್ಲಿ ಸಿದ್ಧಾರೂಢರನ್ನು ನೆನೆಯುತ್ತಿದ್ದೆ. ನಾನೂರರ ಹೊತ್ತಿಗೆ ಮೊದಲನೆಯದರ ಫ್ರೇಮಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಐನೂರು ದಾಟುವಷ್ಟರಲ್ಲಿ ಎರಡನೆಯದರಲ್ಲೂ ಕಂಡಿತು. ಬಿರುಕನ್ನು ಪತ್ತೆಮಾಡಿ ಫೋಟೋ ತೆಗೆಯಬೇಕಾದವನು ನಾನೇ, ಏಕೆಂದರೆ ಲೋಹ ಓದಿದವನು ನಾನು. ಕೆಂಪು ಬಣ್ಣ ಹಚ್ಚಿ ಒರೆಸಿದಾಗ ಬಿರುಕು ಕೆಂಪಗೆ ಎದ್ದು ನಿಂತಿತು. ಬಿರುಕು ಬಿಟ್ಟರೆ ಫೇಲೇ. ಈ ಸಲದ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೆಕ್ಟರ್ ಮೂರನೆಯ ಸಲ ಬರಲಿಲ್ಲ. ಕೆಲವು ತಿಂಗಳ ನಂತರ ಡೀನ್ ಲ್ಯಾಬಿಗೆ ಫೋನ್ ಮಾಡಿದ, ನಾನೇ ಎತ್ತಿದೆ. "ಹೆಕ್ಟರ್ ಲೇತ್ ಬಿಚ್ಚಿಸಿ ಮಾರಿಬಿಟ್ಟ. ನಾವೆಲ್ಲ ಹೇಳಿ ನೋಡಿದ್ವಿ, ಕೇಳಲ್ಲ. ತನ್ನ ಕೈಲೇ ದೋಷ ಇದೆ ಅಂತಾನೆ" ಎಂದ. ಅವನ ದನಿ ಮೊದಲಿನಂತಿರಲಿಲ್ಲ, ನಡುನಡುವೆ ಕೆಮ್ಮುತ್ತಿದ್ದ. "ಬೇರೆ ಯಾರಾದ್ರೂ ಟೆನ್ ತಂದಿದ್ದಾರಾ?" ಎಂದು ಕೇಳಿದ. ಇಲ್ಲ ಎಂದೆ. "ಸರಿ, ಇನ್ನೊಂದು ತಿಂಗಳು ಬಿಟ್ಟು ಕೇಳ್ತೀನಿ" ಎಂದು ಇಟ್ಟ. ಹೇಳಿದ ಹಾಗೆ ತಿಂಗಳಿಗೊಮ್ಮೆ ಕೇಳುತ್ತಿದ್ದ. ಆಮೇಲೆ ಫೋನು ನಿಂತಿತು.

ಇದಕ್ಕೆಲ್ಲ ಮುಂಚೆ, ಆ ಮೊದಲ ವರದಿ ಕೊಟ್ಟ ಕೆಲವೇ ವಾರಗಳಲ್ಲಿ, ನಾನು ರಜೆ ಹಾಕಿ, ಸುಮಂಗಲಾಳ ಜೊತೆ ಊರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ನಸೀರ್ ಡಾಕ್ಟರು ಹೇಳಿದ ಕಡೆ ಆಪರೇಷನ್ ಮಾಡಿಸಿಕೊಂಡೆ. ತಿರುಗಿ ಬಂದು ವಾಲ್ಟರನಿಗೆ ಒಂದು ಸಲಹೆ ಬರೆದುಕೊಟ್ಟೆ. ಯಾವುದೇ ಪಿಸ್ತೂಲಿನಲ್ಲಿ ತಡೆ ಬಂದರೂ ಶೂಟರನ ಮಾತಷ್ಟೇ ಸಾಲದು, ಮಣಿಕಟ್ಟಿನ ಮೇಲೆ ಸದಾ ಕ್ಯಾಮೆರಾ ಇರಬೇಕು, ಎರಡನೆಯ ಶೂಟರ್ ಹಾರಿಸಿ ಖಚಿತಪಡಿಸಬೇಕು, ಆಮೇಲೆಯೇ ಕಾರಣ ಬರೆಯಬೇಕು. ವಾಲ್ಟರ್ ಎರಡು ದಿನ ಇಟ್ಟುಕೊಂಡು ಒಪ್ಪಿದ. ಎಲ್ಲರ ಮುಂದೆ ನನ್ನನ್ನು ಹೊಗಳಿದ, ಅವನು ಹೊಗಳಿದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ಚಪ್ಪಾಳೆ ತಟ್ಟಿದರು. ನಾನು ನಕ್ಕು, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಈಗ ನೀವು ಸೇರುವ ಲ್ಯಾಬಿನಲ್ಲಿ ಅಂಥ ಕ್ಯಾಮೆರಾ ಕಂಡರೆ, ನಿಮ್ಮ ಮೇಲೆ ನಂಬಿಕೆಯಿಲ್ಲವೆಂದು ಮುಖ ಊದಿಸಿಕೊಳ್ಳಬೇಡಿ. ಎಲ್ಲೋ ಒಬ್ಬ ನನ್ನಂಥವನು ಅದನ್ನು ಅಲ್ಲಿ ಹಾಕಿಸಿರುತ್ತಾನೆ.

2008ರಲ್ಲಿ ರಿಟೈರಾಗುವ ವಾರ, ವರದಿ ತಿದ್ದಿಸೋಣವೆಂದು ಹೆಕ್ಟರನ ಫೈಲು ಕೇಳಿದೆ. ವಾಲ್ಟರ್ ಆಗಲೇ ಬಿಟ್ಟು ಹೋಗಿದ್ದ. ಹೊಸ ಮ್ಯಾನೇಜರು ಕಂಪ್ಯೂಟರಿನಲ್ಲಿ ನೋಡಿ, "ಆ ತಯಾರಕ ಈಗ ಇಲ್ಲವೇ ಇಲ್ಲ. ಯಾಕೆ ಕೆದಕ್ತೀರಿ? ಕೇಕ್ ತಿಂದು ಆರಾಮಾಗಿ ಮನೆಗೆ ಹೋಗಿ" ಎಂದಳು. ಲ್ಯಾಬಿಗೆ ಬೇಡವಾಗಿತ್ತು. ಹೇಳುವುದಿದ್ದರೆ ಹೆಕ್ಟರನಿಗೇ ಹೇಳಬೇಕಿತ್ತು.

ಸುಮಂಗಲಾಳಿಗೆ ಮೊದಲು ಹೇಳಿದೆ. ನಾಲ್ಕು ವರ್ಷದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ ಕೂತು, ಎಲ್ಲವನ್ನೂ. ಅವಳು ಬೈಯುತ್ತಾಳೆಂದುಕೊಂಡಿದ್ದೆ. "ನನ್ನ ಗುಳಿಗಿ ಸಲುವಾಗಿ ಮಾಡಿದ್ರೇನು?" ಎಂದು ಕೇಳಿದಳು. ಹೌದು ಎನ್ನುವುದು ಸುಲಭವಿತ್ತು. ಅಲ್ಲ ಎಂದೆ, ನಾಚಿಕೆಗೆ ಮಾಡಿದೆ ಎಂದೆ. "ಹಂಗಾರ ನೀವ ಹೋಗಿ ಹೇಳ್ರಿ. ನಾ ಬರೂದಿಲ್ಲ" ಎಂದು ಎದ್ದು ಹೋದಳು.

ಸೆರಿಟೋಸಿನಿಂದ ದಕ್ಷಿಣಕ್ಕೆ ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯಗಳನ್ನು ಜೋಡಿಸಿದೆ. ಸ್ಯಾನ್ ಡಿಯೇಗೋ ಬಂದು ಎಲ್ ಕಹೋನಿನ ಕಡೆ ಪೂರ್ವಕ್ಕೆ ತಿರುಗುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಹೆಕ್ಟರ್ ಗ್ಯಾರೇಜಿನಲ್ಲೇ ಇದ್ದ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಒಂದು ಮಡಚುವ ಕುರ್ಚಿ ತಂದು ಹಾಕಿದ. ಲೇತ್ ಇದ್ದ ಜಾಗದಲ್ಲಿ ಬಟ್ಟೆ ಒಗೆಯುವ ಮೆಷೀನು ನಿಂತಿತ್ತು. ಒಂದು ಸ್ಕೂಲಿನಲ್ಲಿ ಬಾಗಿಲು, ಬೀಗ ರಿಪೇರಿ ಮಾಡುತ್ತಿದ್ದೇನೆಂದ. "ಅಲ್ಲೂ ಬೈತಾರೆ, ನಿಧಾನ ಅಂತ. ಏನು ಮಾಡೋದು, ಒಂದು ಚಿಲಕ ಹಾಕೋಕೂ ಮೂರು ಸಲ ಅಳೀತೀನಿ. ನನ್ನ ಕಣ್ಣು, ಕೈ ಎರಡನ್ನೂ ನಂಬೋಕಾಗಲ್ಲ" ಎಂದ. ಬೇಸರದಿಂದ ಹೇಳಲಿಲ್ಲ, ತನ್ನ ವಯಸ್ಸು ಹೇಳಿದಂತೆ ಹೇಳಿದ. ಆಮೇಲೆ ಇನ್ನೊಂದು ಮಾತು ಸೇರಿಸಿದ. "ನೀನು ಸತ್ಯ ಬರೆದೆ. ಡೀನ್ ಮತ್ತೆ ಅವನ ಗೆಳೆಯರು ಬರೀ ಹೊಗಳ್ತಿದ್ರು. ನೀನು ಬರೀದಿದ್ರೆ ನಾನು ಕೆಟ್ಟ ಪಿಸ್ತೂಲನ್ನ ಅವರ ಕೈಗೆ ಕೊಡ್ತಿದ್ದೆ."

"ಹೆಕ್ಟರ್, ಮೊದಲನೇ ಪಿಸ್ತೂಲಿನಲ್ಲಿ ದೋಷ ಇರಲಿಲ್ಲ" ಎಂದೆ. "ನನ್ನ ಮಣಿಕಟ್ಟು ಹೋಗಿತ್ತು. ಮಡಚಿಕೊಂಡದ್ದು ನನ್ನ ಕೈ. ನಿನ್ನ ಸ್ಪ್ರಿಂಗ್ ಸರಿಯಾಗಿತ್ತು. ಎಲ್ಲಾ ಸರಿಯಾಗಿತ್ತು."

ಅವನು ನನ್ನ ಬಲಗೈಯನ್ನು ನೋಡಿದ. ಮಣಿಕಟ್ಟಿನ ಕೆಳಗೆ ಆಪರೇಷನ್ನಿನ ಗಾಯದ ಗೆರೆ ಇತ್ತು.

"ಯಾವಾಗ ಗೊತ್ತಾಯ್ತು?"

"ಅದೇ ದಿನ."

"ಅದೇ ದಿನ ಅಂದ್ರೆ? ಸಂಜೆ?"

"ಅಲ್ಲ. ಕವಚ ಸಿಕ್ಕಿಕೊಂಡ ತಕ್ಷಣ."

ಅವನು ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಅವನು ಗೋಡೆಯ ಕಡೆ ತಿರುಗಿ ನಿಂತು ಹೇಳಿದ: "ಡೀನ್ ಹೋಗಿ ಒಂದು ವರ್ಷ ಆಯ್ತು. ಆಸ್ಪತ್ರೆಯಲ್ಲಿ ನನಗೇ ಸಮಾಧಾನ ಹೇಳ್ದ. ಬಿಡು ಹೆಕ್ಟರ್, ಎಲ್ಲಾ ಎಲ್ಲರಿಂದ ಆಗೋದಲ್ಲ ಅಂದ. ನಾನೂ ಹೌದು ಅಂದೆ."

ನನ್ನ ಬಾಯಿಂದ ಕ್ಷಮಿಸು ಎಂಬ ಮಾತು ಬಂತು. ಅವನು ಶೆಲ್ಫಿನಿಂದ ಒಂದು ನೋಟ್‌ಬುಕ್ ತೆಗೆದು, ಬಿಳಿ ಹಾಳೆಯೊಂದನ್ನು ಹರಿದು, ವಾಷಿಂಗ್ ಮೆಷೀನಿನ ಮೇಲಿಟ್ಟ. ಪಕ್ಕದಲ್ಲಿ ಪೆನ್ನು.

"ಬರಿ. ಈಗ ಹೇಳಿದ್ದನ್ನೇ. ಹೆಸರು ಹಾಕು."

ನಿಂತುಕೊಂಡೇ ಬರೆದೆ. ಪಿಸ್ತೂಲಿನಲ್ಲಿ ದೋಷವಿರಲಿಲ್ಲ, ತಯಾರಕನ ಲೆಕ್ಕ ಸರಿಯಾಗಿತ್ತು, ತಡೆಗೆ ಪರೀಕ್ಷಕನ ಕೈ ಕಾರಣ, ಪರೀಕ್ಷಕನಿಗೆ ಆಗಲೇ ತಿಳಿದಿತ್ತು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಅವನು ಹಾಳೆಯನ್ನು ಎತ್ತಿಕೊಂಡು, ತುಟಿ ಅಲುಗಿಸುತ್ತಾ ಓದಿ, ನನ್ನತ್ತ ನೋಡದೆ ಒಳಬಾಗಿಲಿನಿಂದ ಮನೆಯೊಳಗೆ ಹೋದ. "ಮಾರ್ಥಾ" ಎಂದು ಹೆಂಡತಿಯನ್ನು ಕರೆಯುವುದು ಕೇಳಿಸಿತು. ಆಮೇಲೆ ಅವನು ಅವಳಿಗೆ ಸ್ಪ್ಯಾನಿಷಿನಲ್ಲಿ ಅದನ್ನು ಓದಿ ಹೇಳುವುದು ಕೇಳಿಸಿತು, ನಿಧಾನವಾಗಿ, ಒಂದೊಂದು ವಾಕ್ಯಕ್ಕೂ ನಿಂತು. ನನಗೆ ಆ ಭಾಷೆ ಬರುವುದಿಲ್ಲ. ಕೊನೆಯಲ್ಲಿ ನನ್ನ ಹೆಸರು ಮಾತ್ರ ತಿಳಿಯಿತು, ಅದನ್ನು ಅವನು ಅಕ್ಷರ ಅಕ್ಷರ ಬಿಡಿಸಿ ಓದಿದ.

ಮಾರ್ಥಾ ಏನೋ ಕೇಳಿದಳು. ಹೆಕ್ಟರ್ ಮತ್ತೆ ಮೊದಲಿನಿಂದ ಓದತೊಡಗಿದ.